ಕನ್ನಡ ನಾಡಿನ ಸಂಶೋಧನಾ ಪರಂಪರೆ: ಶಾಸನ, ಹಸ್ತಪ್ರತಿ, ಧರ್ಮ, ಕಲೆ – ಪರೀಕ್ಷೆಗೆ ಮುಖ್ಯಾಂಶಗಳು

ಕೆಎಎಸ್, ಕೆ-ಸೆಟ್, ಉಪನ್ಯಾಸಕರ ನೇಮಕಾತಿ ಪರೀಕ್ಷೆಗಳಲ್ಲಿ ಕನ್ನಡ ಸಂಶೋಧನೆಯ ಮೇಲೆ ಪ್ರಶ್ನೆ ತಪ್ಪದು. ಇಸವಿ, ಹೆಸರುಗಳನ್ನು ಉರುಹೊಡೆದರೆ ಒಂದು ಅಂಕದ ಪ್ರಶ್ನೆ ದಾಟಬಹುದು. ವಿವರಣಾತ್ಮಕ ಪ್ರಶ್ನೆಗೆ ಅಷ್ಟು ಸಾಲದು. ಯಾವ ಆಕರ ಸಿಕ್ಕಿತು, ಸಿಕ್ಕಿದ್ದರಿಂದ ಮೊದಲಿದ್ದ ತಿಳಿವಳಿಕೆ ಹೇಗೆ ಬದಲಾಯಿತು ಎಂಬುದನ್ನೂ ಹೇಳಬೇಕಾಗುತ್ತದೆ. ಕೆಳಗಿನ ಅಂಶಗಳನ್ನು ಆ ದೃಷ್ಟಿಯಿಂದಲೇ ಜೋಡಿಸಿದೆ.

1. ಆಕರಗಳು: ಮೊದಲು ಗೊತ್ತಿರಬೇಕಾದದ್ದು

• ಆಕರ ಮೂರು ಬಗೆ: ಬರಹ (ಶಾಸನ, ಹಸ್ತಪ್ರತಿ, ಕಡತ, ಕೈಫಿಯತ್ತು), ವಸ್ತು (ದೇವಾಲಯ, ಶಿಲ್ಪ, ನಾಣ್ಯ, ಉತ್ಖನನದಲ್ಲಿ ಸಿಕ್ಕಿದ್ದು), ಮೌಖಿಕ (ಲಾವಣಿ, ಪಾಡ್ದನ, ಗರತಿಯ ಹಾಡು, ಸ್ಥಳಪುರಾಣ).

• ಶಾಸನದ ಸಾಮಾನ್ಯ ಕ್ರಮ: ಮಂಗಳ ಪದ್ಯ, ರಾಜವಂಶದ ವಿವರ, ಕಾಲ, ದಾನದ ವಿವರ, ದಾನ ಕೆಡಿಸಿದವರಿಗೆ ಶಾಪಾಶಯ, ಕೊನೆಗೆ ಬರೆದವನ ಅಥವಾ ಕಡೆದವನ ಹೆಸರು. ಎಲ್ಲ ಶಾಸನದಲ್ಲೂ ಎಲ್ಲವೂ ಇರಬೇಕೆಂದಿಲ್ಲ.

• ಬಗೆಗಳು: ದಾನಶಾಸನ, ಪ್ರಶಸ್ತಿಶಾಸನ, ವೀರಗಲ್ಲು (ಹೋರಾಡಿ ಮಡಿದವನಿಗೆ), ಮಾಸ್ತಿಕಲ್ಲು (ಸಹಗಮನ ಮಾಡಿದವಳಿಗೆ), ನಿಸಿದಿ (ಸಲ್ಲೇಖನದಿಂದ ಮುಡಿಪಿದ ಜೈನರಿಗೆ).

• ಪಡಿಯಚ್ಚು: ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರದ ಗುಳಿಗೆ ಕಾಗದ ಇಳಿಯುವಂತೆ ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತಿ ತೆಗೆಯುವ ಪ್ರತಿ. ಅಕ್ಷರ ಬಿಳಿಯಾಗಿಯೂ ಸುತ್ತಲಿನ ಮೈ ಕಪ್ಪಾಗಿಯೂ ಕಾಣುತ್ತದೆ.

• ಶಕವರ್ಷವನ್ನು ಕ್ರಿಸ್ತಶಕಕ್ಕೆ ತರಲು 78 ಕೂಡಿಸಬೇಕು. ವರ್ಷದ ಕೊನೆಯ ತಿಂಗಳುಗಳಾದರೆ 79. ಉದಾಹರಣೆ: ಬಾದಾಮಿಯ 1ನೇ ಪುಲಿಕೇಶಿಯ ಶಾಸನ ಶಕ 465, ಅಂದರೆ ಕ್ರಿ.ಶ. 543. ಬಾದಾಮಿ 3ನೇ ಗುಹೆಯ ಶಾಸನ ಶಕ 500, ಅಂದರೆ 578. ಐಹೊಳೆ ಶಾಸನ ಶಕ 556, ಅಂದರೆ 634.

• ಕಾಲ ನಮೂದಿಸದ ಶಾಸನವನ್ನು ಲಿಪಿಯ ರೂಪ, ಭಾಷೆಯ ಹಂತ, ಉಲ್ಲೇಖಿತ ಅರಸನ ಆಳ್ವಿಕೆ ನೋಡಿ ಗುರುತಿಸುತ್ತಾರೆ. ಅದಕ್ಕೇ ಅಂಥ ಇಸವಿಗಳ ಹಿಂದೆ 'ಸುಮಾರು' ಎಂದು ಬರೆಯಬೇಕು.

2. ಮೊದಲ ಘಟ್ಟ: ಸರ್ವೆಯವರು, ಮಿಷನರಿಗಳು

• ಕಾಲಿನ್ ಮೆಕೆಂಝಿ: 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸರ್ವೆಗೆ ನೇಮಕಗೊಂಡವನು. ಊರೂರಿನ ಕೈಫಿಯತ್ತು, ಶಾಸನ, ಹಸ್ತಪ್ರತಿಗಳನ್ನು ಸಂಗ್ರಹಿಸಿದ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಅವನ ಕೈಕೆಳಗೆ ಓದಿ, ಬರೆದು, ಭಾಷಾಂತರಿಸಿದವರಲ್ಲಿ ಕಾವಲಿ ಬೊರ್ರಯ್ಯ, ಕಾವಲಿ ಲಕ್ಷ್ಮಯ್ಯ ಸಹೋದರರು ಮುಖ್ಯರು. ಉತ್ತರದಲ್ಲಿ ಇವರ ಹೆಸರು ಬಿಡಬೇಡಿ.

• ಫ್ರಾನ್ಸಿಸ್ ಬುಕನನ್: 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಪ್ರವಾಸ, ವರದಿ ಪ್ರಕಟವಾದದ್ದು 1807ರಲ್ಲಿ. ಕೃಷಿ, ಜಾತಿ, ಕಸುಬುಗಳ ಮಾಹಿತಿಗೆ ಆಕರ.

• ವಾಲ್ಟರ್ ಎಲಿಯಟ್: ಧಾರವಾಡ ಭಾಗದ ಶಾಸನಗಳನ್ನು ಪ್ರತಿ ಮಾಡಿಸಿದ ಅಧಿಕಾರಿ. 1837ರಲ್ಲಿ ಶಾಸನಗಳ ಬಗ್ಗೆ ಬರೆದ ಲೇಖನ ಚಾಲುಕ್ಯ ಚರಿತ್ರೆಯ ಅಧ್ಯಯನಕ್ಕೆ ಬುನಾದಿ ಹಾಕಿತು.

• ಹರ್ಮನ್ ಮೋಗ್ಲಿಂಗ್: ಬಾಸೆಲ್ ಮಿಷನ್, 1836ರಲ್ಲಿ ಮಂಗಳೂರಿಗೆ ಬಂದ. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಡಿಸಿದ. 1848ರಿಂದ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಹಳೆಯ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ತಂದ.

• ಫರ್ಡಿನೆಂಡ್ ಕಿಟೆಲ್ (1832–1903): 1853ರಲ್ಲಿ ಭಾರತಕ್ಕೆ ಬಂದ. 'ಶಬ್ದಮಣಿದರ್ಪಣ' ಸಂಪಾದನೆ 1872, ನಾಗವರ್ಮನ 'ಛಂದೋಂಬುಧಿ' ಸಂಪಾದನೆ 1875, ಸುಮಾರು 70 ಸಾವಿರ ಪದಗಳ ಕನ್ನಡ–ಇಂಗ್ಲಿಷ್ ನಿಘಂಟು 1894, ವ್ಯಾಕರಣ 1903. ಧರ್ಮಪ್ರಸಾರಕ್ಕೆ ಬಂದವನು ಭಾಷಾಶಾಸ್ತ್ರಕ್ಕೆ ನಿಂತ ಎಂಬುದು ವಿವರಣಾತ್ಮಕ ಉತ್ತರದ ಕೇಂದ್ರ.

3. ಶಾಸನ ಸಂಪಾದನೆಯ ಯುಗ

• ಬಿ.ಎಲ್. ರೈಸ್ (1837–1927): ಹುಟ್ಟಿದ್ದು ಬೆಂಗಳೂರಿನಲ್ಲಿ. 1885ರಲ್ಲಿ ರೂಪುಗೊಂಡ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮೊದಲ ನಿರ್ದೇಶಕ. 'ಎಪಿಗ್ರಾಫಿಯಾ ಕರ್ನಾಟಿಕಾ' 12 ಸಂಪುಟ, 1886–1905, ಸುಮಾರು 9 ಸಾವಿರ ಶಾಸನಗಳು. ಶಾಸನ ಪಿತಾಮಹ ಎಂಬ ಪ್ರಸಿದ್ಧಿ.

• ಸಂಪುಟ–ಪ್ರದೇಶ ಹೊಂದಿಸುವ ಪ್ರಶ್ನೆಗೆ: 1 ಕೊಡಗು, 2 ಶ್ರವಣಬೆಳಗೊಳ, 3 ಮತ್ತು 4 ಮೈಸೂರು, 5 ಹಾಸನ, 6 ಕಡೂರು (ಚಿಕ್ಕಮಗಳೂರು), 7 ಮತ್ತು 8 ಶಿವಮೊಗ್ಗ, 9 ಬೆಂಗಳೂರು, 10 ಕೋಲಾರ, 11 ಚಿತ್ರದುರ್ಗ, 12 ತುಮಕೂರು.

• ರೈಸ್ ಮೈಸೂರು ಸಂಸ್ಥಾನ ಮತ್ತು ಕೊಡಗಿನ ಗಡಿಯೊಳಗೆ ದುಡಿದ. ಮುಂಬೈ ಕರ್ನಾಟಕದ ಶಾಸನಗಳನ್ನು ಓದಿದವನು ಜೆ.ಎಫ್. ಫ್ಲೀಟ್ (1847–1917). ಅವನ 'ಡೈನಾಸ್ಟೀಸ್ ಆಫ್ ದಿ ಕ್ಯಾನರೀಸ್ ಡಿಸ್ಟ್ರಿಕ್ಟ್ಸ್' ಬಂದದ್ದು 1882ರಲ್ಲಿ. 1883ರಲ್ಲಿ ಭಾರತ ಸರ್ಕಾರದ ಶಾಸನತಜ್ಞನಾದ. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದವನೂ ಇವನೇ.

• ಆರ್. ನರಸಿಂಹಾಚಾರ್ (1860–1936): ರೈಸ್ ನಂತರ ಮೈಸೂರು ಪುರಾತತ್ವ ಇಲಾಖೆಯ ಹೊಣೆ ಹೊತ್ತವರು. ಬಿರುದು 'ಪ್ರಾಕ್ತನವಿಮರ್ಶ ವಿಚಕ್ಷಣ'. 'ಕರ್ಣಾಟಕ ಕವಿಚರಿತೆ' 3 ಸಂಪುಟ: 1907, 1919, 1929. ಇವರ ಕೈಯಲ್ಲಿ ಶಾಸನ ಸಾಹಿತ್ಯಚರಿತ್ರೆಗೆ ಆಧಾರವಾಯಿತು. ಕವಿಯ ಕಾಲ, ಮತ, ಆಶ್ರಯದಾತರನ್ನು ದಾಖಲೆಯಿಂದ ನಿರ್ಧರಿಸುವ ಪದ್ಧತಿ ನೆಲೆಗೊಂಡಿತು.

• ಪರಿಷ್ಕರಣೆ ಏಕೆ ಬೇಕು ಎಂಬುದಕ್ಕೆ ಒಳ್ಳೆಯ ನಿದರ್ಶನ ಶ್ರವಣಬೆಳಗೊಳ ಸಂಪುಟ. ರೈಸ್ 1889ರಲ್ಲಿ ಕೊಟ್ಟದ್ದು 144 ಶಾಸನ. ನರಸಿಂಹಾಚಾರ್ ಅವರ 1923ರ ಆವೃತ್ತಿಯಲ್ಲಿ 500. ಮೈಸೂರು ವಿಶ್ವವಿದ್ಯಾನಿಲಯದ 1973ರ ಪರಿಷ್ಕೃತ ಆವೃತ್ತಿಯಲ್ಲಿ 573.

• ಆರ್. ಶಾಮಶಾಸ್ತ್ರಿ: ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ (ಸ್ಥಾಪನೆ 1891) ಕೌಟಿಲ್ಯನ 'ಅರ್ಥಶಾಸ್ತ್ರ'ದ ಓಲೆಪ್ರತಿಯನ್ನು 1905ರಲ್ಲಿ ಗುರುತಿಸಿದರು. ಮೂಲ ಪ್ರಕಟಣೆ 1909, ಇಂಗ್ಲಿಷ್ ಅನುವಾದ 1915. ಅಲ್ಲಿಯವರೆಗೆ ಬೇರೆ ಗ್ರಂಥಗಳ ಉಲ್ಲೇಖದಿಂದಷ್ಟೇ ಗೊತ್ತಿದ್ದ ಕೃತಿಯ ಪೂರ್ಣ ಪಾಠ ಜಗತ್ತಿಗೆ ಸಿಕ್ಕಿತು.

• ಎಂ.ಎಚ್. ಕೃಷ್ಣ: ಹಲ್ಮಿಡಿ ಶಾಸನದ ಶೋಧ (1936), ಚಂದ್ರವಳ್ಳಿ ಮತ್ತು ಬ್ರಹ್ಮಗಿರಿ ಉತ್ಖನನ. ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದ್ದು 1947ರಲ್ಲಿ.

4. ತಿಳಿವಳಿಕೆ ಬದಲಿಸಿದ ಶಾಸನಗಳು

• ಮಸ್ಕಿ (ರಾಯಚೂರು ಜಿಲ್ಲೆ): 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಂಡದ್ದು. 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇದ್ದುದರಿಂದ, ಶಾಸನಗಳ ಅರಸ ಯಾರು ಎಂಬ ಚರ್ಚೆ ತೀರ್ಮಾನವಾಯಿತು. ಹೆಸರಿರುವ ಉಳಿದವು: ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳ, ಮಧ್ಯಪ್ರದೇಶದ ಗುಜರ್ರಾ.

• ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ (ಚಿತ್ರದುರ್ಗ ಜಿಲ್ಲೆ): ಅಶೋಕನ ಕಿರುಶಾಸನಗಳು, 1892ರಲ್ಲಿ ರೈಸ್ ಬೆಳಕಿಗೆ ತಂದದ್ದು. ಬ್ರಹ್ಮಗಿರಿಯ ಪಾಠದಲ್ಲಿ ಇಸಿಲ ಎಂಬ ಊರಿನ ಮಹಾಮಾತ್ರರ ಉಲ್ಲೇಖವಿದೆ. ಲಿಪಿಕಾರ ಚಪಡ ತನ್ನ ಕಸುಬಿನ ಹೆಸರನ್ನು ಖರೋಷ್ಠಿಯಲ್ಲಿ ಕೊರೆದಿದ್ದಾನೆ.

• ಸನ್ನತಿ–ಕನಗನಹಳ್ಳಿ (ಕಲಬುರಗಿ ಜಿಲ್ಲೆ, ಭೀಮಾ ತೀರ): ಚಂದ್ರಲಾಂಬಾ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡಿತು. ಹತ್ತಿರದ ಕನಗನಹಳ್ಳಿಯ ಮಹಾಸ್ತೂಪದಲ್ಲಿ ರಾಣಿ ಸಮೇತನಾದ ಅರಸನ ಶಿಲ್ಪಫಲಕದ ಮೇಲೆ ಬ್ರಾಹ್ಮಿಯಲ್ಲಿ ಅಶೋಕನ ಹೆಸರಿದೆ.

• ತಾಳಗುಂದ ಸ್ತಂಭಶಾಸನ (ಶಿವಮೊಗ್ಗ ಜಿಲ್ಲೆ): ಭಾಷೆ ಸಂಸ್ಕೃತ, ಕವಿ ಕುಬ್ಜ. ಮಯೂರಶರ್ಮನು ಕದಂಬ ರಾಜ್ಯ ಕಟ್ಟಿದ ಹಿನ್ನೆಲೆಗೆ ಇದೇ ಆಧಾರ.

• ಹಲ್ಮಿಡಿ (ಹಾಸನ ಜಿಲ್ಲೆ ಬೇಲೂರು ತಾಲ್ಲೂಕು): ಸುಮಾರು 450. 16 ಸಾಲು. ವಿಜ ಅರಸನಿಗೆ ಪಲ್ಮಿಡಿ, ಮೂಳಿವಳ್ಳಿ ಊರುಗಳನ್ನು ಕೊಟ್ಟ ವಿಷಯ. ಗದ್ಯ ಸಂಸ್ಕೃತಭೂಯಿಷ್ಠ ಪೂರ್ವದ ಹಳಗನ್ನಡ.

• ತಾಳಗುಂದದ ಸಿಂಹಕಟಾಂಜನ ಶಾಸನ: ಪ್ರಣವೇಶ್ವರ ದೇವಾಲಯದ ಬಳಿ ಭಾರತೀಯ ಪುರಾತತ್ವ ಸರ್ವೇಕ್ಷಣ ನಡೆಸಿದ ಉತ್ಖನನದಲ್ಲಿ ಸಿಕ್ಕಿತು. ಕಾಲ ಸುಮಾರು 370 ಎಂಬ ಅಭಿಪ್ರಾಯವಿದ್ದು, ಹಲ್ಮಿಡಿಗಿಂತ ಹಿಂದಿನದೆಂದು ಹೇಳಲಾಗುತ್ತಿದೆ. ಹಳೆಯ ಪಠ್ಯಗಳಲ್ಲಿ ಹಲ್ಮಿಡಿಯೇ ಮೊದಲು. ಪ್ರಶ್ನೆಯ ಮಾತುಗಳನ್ನು ನೋಡಿ ಉತ್ತರಿಸಿ.

• ಐಹೊಳೆ ಮೇಗುಟಿ ಶಾಸನ (634): ಕವಿ ರವಿಕೀರ್ತಿ, ನಾಯಕ 2ನೇ ಪುಲಿಕೇಶಿ. ಕಾಳಿದಾಸ, ಭಾರವಿಯರ ಹೆಸರಿರುವುದರಿಂದ ಆ ಕವಿಗಳ ಕಾಲಕ್ಕೆ ಕೆಳಮಿತಿ ಸಿಕ್ಕಿತು.

• ಬಾದಾಮಿಯ ಕಪ್ಪೆ ಅರಭಟ್ಟ ಶಾಸನ (ಸುಮಾರು 700): ತ್ರಿಪದಿಯ ಹಳೆಯ ಮಾದರಿ. ಛಂದಸ್ಸಿನ ಚರಿತ್ರೆಗೆ ಮುಖ್ಯ.

• ಆತಕೂರು (ಮಂಡ್ಯ ಜಿಲ್ಲೆ, 949–50): ತಕ್ಕೋಲ ಯುದ್ಧದ ಉಲ್ಲೇಖದ ಜೊತೆಗೆ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಸ್ಮಾರಕ. ರಾಷ್ಟ್ರಕೂಟ 3ನೇ ಕೃಷ್ಣ, ಗಂಗ ಬೂತುಗ, ಮಣಲೇರ ಎಂಬ ಹೆಸರುಗಳು ನೆನಪಿರಲಿ.

• ಕುರ್ಕ್ಯಾಲ (ತೆಲಂಗಾಣದ ಕರೀಂನಗರ ಪ್ರದೇಶ): ಪಂಪನ ತಮ್ಮ ಜಿನವಲ್ಲಭ ಬರೆಸಿದ್ದು, ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ ಎಂಬ ಕುಟುಂಬದ ವಿವರ ಗೊತ್ತಾದದ್ದು ಇದರಿಂದ.

• ಲಕ್ಕುಂಡಿ (ಗದಗ ಜಿಲ್ಲೆ, 1007): ಅತ್ತಿಮಬ್ಬೆಯ ಬಸದಿ ನಿರ್ಮಾಣ. ರನ್ನನ 'ಅಜಿತಪುರಾಣ' (993) ಹೇಳುವ ದಾನಚಿಂತಾಮಣಿಗೆ ಕಲ್ಲಿನ ಸಾಕ್ಷ್ಯ.

• ಅರ್ಜುನವಾಡ (ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕು, 1260): ಸೇವುಣ ಕನ್ನರನ ಕಾಲದ್ದು. ಬಸವಣ್ಣನವರ ಐತಿಹಾಸಿಕತೆಗೆ ಮುಖ್ಯ ಶಾಸನಾಧಾರ.

5. ಹಸ್ತಪ್ರತಿ ಮತ್ತು ಗ್ರಂಥಸಂಪಾದನೆ

• ಮೂಲಪ್ರತಿ ಕವಿಯ ಕೈಬರಹ. ಬಹುತೇಕ ಹಳಗನ್ನಡ ಕೃತಿಗಳಿಗೆ ಅದು ಸಿಕ್ಕಿಲ್ಲ. ಸಿಕ್ಕಿರುವುದು ಪ್ರತಿಯ ಪ್ರತಿ.

• ಸಂಪಾದಕನ ಕೆಲಸದ ಹಂತಗಳು: ಪ್ರತಿಗಳ ಸಂಗ್ರಹ, ಅವುಗಳ ಸಂಬಂಧ ಗುರುತಿಸಿ ವಂಶವೃಕ್ಷ ಹಾಕುವುದು, ಪಾಠ ಹೋಲಿಕೆ, ಯೋಗ್ಯ ಪಾಠದ ಆಯ್ಕೆ, ಉಳಿದವನ್ನು ಅಡಿಟಿಪ್ಪಣಿಯಲ್ಲಿ ಕೊಡುವುದು. ಪಾಠ ಎಲ್ಲ ಪ್ರತಿಯಲ್ಲೂ ಕೆಟ್ಟಿದ್ದರೆ ಮಾತ್ರ ಊಹಾಪಾಠ.

• ಪಾಠಾಂತರ: ಬೇರೆ ಪ್ರತಿಯ ಬೇರೆ ಓದು. ಪ್ರಕ್ಷೇಪ: ಆಮೇಲೆ ಸೇರಿದ್ದು. ಸ್ಖಾಲಿತ್ಯ: ನಕಲು ಮಾಡುವಾಗಿನ ತಪ್ಪು, ಉದಾಹರಣೆಗೆ ಅಕ್ಷರಲೋಪ ಅಥವಾ ಸಾಲು ಹಾರುವುದು.

• 'ಕವಿರಾಜಮಾರ್ಗ' (ಸುಮಾರು 850): ಕೆ.ಬಿ. ಪಾಠಕ್ ಸಂಪಾದಿಸಿ 1898ರಲ್ಲಿ ಪ್ರಕಟ. ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ವಾದ ಮುದ್ರಣದ ನಂತರವೇ ಬಿರುಸಾಯಿತು. ಇಂದು ಹೆಚ್ಚಿನ ವಿದ್ವಾಂಸರು ಶ್ರೀವಿಜಯನ ಪರ.

• ಡಿ.ಎಲ್. ನರಸಿಂಹಾಚಾರ್ (1906–1971): 'ವಡ್ಡಾರಾಧನೆ' ಸಂಪಾದನೆ 1949, 'ಕನ್ನಡ ಗ್ರಂಥಸಂಪಾದನೆ' 1964. ಮೊದಲನೆಯದು 19 ಕಥೆಗಳ ಹಳೆಯ ಗದ್ಯಕೃತಿ. ಎರಡನೆಯದು ಈ ಶಾಸ್ತ್ರಕ್ಕೆ ಕನ್ನಡದ ಆಧಾರಗ್ರಂಥ.

• ಆರ್.ಎಸ್. ಮುಗಳಿ: 'ಕನ್ನಡ ಸಾಹಿತ್ಯ ಚರಿತ್ರೆ'ಗೆ 1956ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ.

6. ಧರ್ಮದ ಅಧ್ಯಯನ

• ಫ.ಗು. ಹಳಕಟ್ಟಿ (1880–1964): ವಿಜಯಪುರದ ವಕೀಲರು, ವಚನ ಪಿತಾಮಹ. ಮಠ, ಮನೆಗಳಲ್ಲಿ ಉಳಿದಿದ್ದ ಓಲೆಗರಿಗಳನ್ನು ಕಲೆಹಾಕಿ 'ವಚನಶಾಸ್ತ್ರಸಾರ' ತಂದದ್ದು 1923. ಹಿತಚಿಂತಕ ಮುದ್ರಣಾಲಯ 1925, 'ಶಿವಾನುಭವ' ಪತ್ರಿಕೆ 1926. ಅದೇ 1926ರಲ್ಲಿ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು.

• ವಚನ ಸಂಪಾದನೆಯ ತೊಡಕು: ಒಂದೇ ವಚನ ಎರಡು ಅಂಕಿತಗಳಲ್ಲಿ ಸಿಗುವುದುಂಟು, ನಂತರದ ಕಾಲದಲ್ಲಿ ಸೇರಿದ ವಚನಗಳೂ ಇವೆ. ಅಂಕಿತ, ಪ್ರತಿಯ ಕಾಲ, ಭಾಷೆ ಮೂರನ್ನೂ ಒಟ್ಟಿಗೆ ನೋಡಿ ಕರ್ತೃತ್ವ ನಿರ್ಧರಿಸಬೇಕು.

• 'ಶೂನ್ಯಸಂಪಾದನೆ'ಗೆ 4 ರೂಪಗಳು: ಶಿವಗಣಪ್ರಸಾದಿ ಮಹದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು. ಮೊದಲನೆಯದು ಮಹದೇವಯ್ಯನದು.

• ಎಂ.ಎಂ. ಕಲಬುರ್ಗಿ (1938–2015): ಕರ್ನಾಟಕ ಸರ್ಕಾರದ 15 ಸಂಪುಟಗಳ 'ಸಮಗ್ರ ವಚನ ಸಂಪುಟ'ದ ಪ್ರಧಾನ ಸಂಪಾದಕರು. 'ಮಾರ್ಗ–4'ಕ್ಕೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ಅವರ ಹತ್ಯೆಯಾಯಿತು.

• ಮೂಡುಬಿದಿರೆ: 'ಷಟ್ಖಂಡಾಗಮ' ಮತ್ತು ಅದರ 'ಧವಲಾ' ಟೀಕೆ ಉಳಿದುಬಂದದ್ದು ಇಲ್ಲಿನ ಬಸದಿಯ ಓಲೆಪ್ರತಿಗಳಲ್ಲಿ. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ಮೂಲಕರ್ತೃಗಳು ಪುಷ್ಪದಂತ, ಭೂತಬಲಿ, ಟೀಕಾಕಾರ ವೀರಸೇನ. ಹೀರಾಲಾಲ್ ಜೈನ್ ಸಂಪಾದನೆಯ ಮೊದಲ ಸಂಪುಟ 1939. ಇಡೀ ದಿಗಂಬರ ಪರಂಪರೆಯ ಗ್ರಂಥವೊಂದು ಕನ್ನಡ ಲಿಪಿಯ ಆಸರೆಯಲ್ಲಿ ಉಳಿಯಿತು.

• ಆ.ನೇ. ಉಪಾಧ್ಯೆ (1906–1975): ಬೆಳಗಾವಿ ಜಿಲ್ಲೆಯ ಸದಲಗಾದವರು. 'ಪ್ರವಚನಸಾರ' ಸಂಪಾದನೆ 1935. 1967ರ ಶ್ರವಣಬೆಳಗೊಳ ಸಮ್ಮೇಳನದ ಅಧ್ಯಕ್ಷರು.

• ಪಿ.ಬಿ. ದೇಸಾಯಿ: 'ಜೈನಿಸಂ ಇನ್ ಸೌತ್ ಇಂಡಿಯಾ' 1957.

7. ಕಲೆ ಮತ್ತು ವಾಸ್ತು

• ಮೊದಲ ದಾಖಲಾತಿ: ಧಾರವಾಡ, ಮೈಸೂರು ಭಾಗದ ವಾಸ್ತುವಿನ ಛಾಯಾಚಿತ್ರಗಳ ಸಂಪುಟ 1866 (ಬರಹ ಮೆಡೋಸ್ ಟೇಲರ್, ಜೇಮ್ಸ್ ಫರ್ಗುಸನ್). ಜೇಮ್ಸ್ ಬರ್ಜೆಸ್ ಅವರ ಬೆಳಗಾವಿ–ಕಲಾದಗಿ ವರದಿ 1874. ಹೆನ್ರಿ ಕಸಿನ್ಸ್ ಅವರ ಚಾಲುಕ್ಯ ವಾಸ್ತುಗ್ರಂಥ 1926.

• ಆರ್. ನರಸಿಂಹಾಚಾರ್ ಅವರ ದೇವಾಲಯ ಮಾಲೆ: ಸೋಮನಾಥಪುರ 1917, ಬೇಲೂರು ಮತ್ತು ದೊಡ್ಡಗದ್ದವಳ್ಳಿ 1919. ವಿಗ್ರಹದ ಪೀಠದಲ್ಲಿದ್ದ ಶಿಲ್ಪಿಗಳ ಸಹಿಗಳನ್ನು ಓದಿ ದಾಖಲಿಸಿದ್ದು ಇದರ ಹೆಚ್ಚುಗಾರಿಕೆ.

• ಹೆಸರು ಉಳಿದ ಶಿಲ್ಪಿಗಳು: ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದಲ್ಲಿ ಅನಿವಾರಿತಾಚಾರಿ ಗುಂಡ, ಸರ್ವಸಿದ್ಧಿ ಆಚಾರಿ, ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ. ಭಾರತದ ಶಿಲ್ಪಿ ಅನಾಮಿಕ ಎಂಬ ಸಾಮಾನ್ಯ ಹೇಳಿಕೆಗೆ ಕರ್ನಾಟಕದ ಶಾಸನಗಳು ಕೊಡುವ ಉತ್ತರವಿದು.

• ಷ. ಶೆಟ್ಟರ್ (1935–2020): ಜೈನರ ಸಲ್ಲೇಖನ ಕುರಿತ ಅಧ್ಯಯನಗಳು, 'ದಿ ಹೊಯ್ಸಳ ಟೆಂಪಲ್ಸ್' 1992, 'ಶಂಗಂ ತಮಿಳಗಂ ಮತ್ತು ಕನ್ನಡ ನಾಡು–ನುಡಿ' 2007. ಭಾರತೀಯ ಇತಿಹಾಸ ಸಂಶೋಧನಾ ಮಂಡಳಿಯ ಅಧ್ಯಕ್ಷರಾಗಿದ್ದರು.

• ಶಿವರಾಮ ಕಾರಂತ: 'ಯಕ್ಷಗಾನ ಬಯಲಾಟ'ಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಪ್ರಶಸ್ತಿ ಬಂದದ್ದು ಕಾದಂಬರಿಗಲ್ಲ.

• ಯುನೆಸ್ಕೊ ಪಟ್ಟಿ: ಹಂಪಿ 1986, ಪಟ್ಟದಕಲ್ಲು 1987, ಬೇಲೂರು–ಹಳೇಬೀಡು–ಸೋಮನಾಥಪುರ 2023.

8. ಚರಿತ್ರೆ, ಸಂಸ್ಕೃತಿ, ಜಾನಪದ

• ರಾಬರ್ಟ್ ಸಿವೆಲ್: 'ಎ ಫರ್ಗಾಟನ್ ಎಂಪೈರ್' 1900. ಪೇಸ್, ನ್ಯೂನಿಜ್ ಎಂಬ ಪೋರ್ಚುಗೀಸರ ಬರಹಗಳ ಅನುವಾದ ಇದರಲ್ಲಿದೆ. ಬಿ. ಸೂರ್ಯನಾರಾಯಣ ರಾವ್ 1905ರಲ್ಲಿ ತಮ್ಮ ವಿಜಯನಗರ ಚರಿತ್ರೆಗೆ ಎಂದೂ ಮರೆಯಲಾಗದ ಸಾಮ್ರಾಜ್ಯ ಎಂಬರ್ಥದ ಹೆಸರಿಟ್ಟರು.

• ಆಲೂರು ವೆಂಕಟರಾವ್: 'ಕರ್ನಾಟಕ ಗತವೈಭವ' 1917. ಸಂಶೋಧನೆ ಏಕೀಕರಣ ಚಳವಳಿಗೆ ಬಲವಾದದ್ದಕ್ಕೆ ನಿದರ್ಶನ.

• ಎಸ್. ಶ್ರೀಕಂಠಶಾಸ್ತ್ರಿ (1904–1974): 'ಸೋರ್ಸಸ್ ಆಫ್ ಕರ್ನಾಟಕ ಹಿಸ್ಟರಿ' 1940, 'ಭಾರತೀಯ ಸಂಸ್ಕೃತಿ'.

• ಶಂ.ಬಾ. ಜೋಶಿ (1896–1991): 'ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ'ಗೆ 1970ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ.

• ಎಂ. ಚಿದಾನಂದಮೂರ್ತಿ (1931–2020): 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' 1966. ರಾಜರ ವಂಶಾವಳಿಗೆ ಬಳಕೆಯಾಗುತ್ತಿದ್ದ ಶಾಸನಗಳಿಂದ ಜನರ ಬದುಕು, ನಂಬಿಕೆ, ಆಚರಣೆ, ಶಿಕ್ಷಣಗಳನ್ನು ಓದಿ ತೋರಿಸಿದ ಕೃತಿ. ಅಕಾಡೆಮಿ ಪ್ರಶಸ್ತಿ ಮಾತ್ರ 'ಹೊಸತು ಹೊಸತು' ಕೃತಿಗೆ, 1997.

• ಹಲಸಂಗಿ ಗೆಳೆಯರು: 'ಗರತಿಯ ಹಾಡು' 1931. ಎಚ್.ಎಲ್. ನಾಗೇಗೌಡ: ಕರ್ನಾಟಕ ಜಾನಪದ ಪರಿಷತ್ತು 1979, ರಾಮನಗರ ಬಳಿಯ ಜಾನಪದ ಲೋಕ. ಎ.ಸಿ. ಬರ್ನೆಲ್: ತುಳುನಾಡಿನ ಭೂತಾರಾಧನೆ, ಪಾಡ್ದನಗಳ ದಾಖಲೆ.

9. ಸಂಸ್ಥೆಗಳು

• ಮಿಥಿಕ್ ಸೊಸೈಟಿ, ಬೆಂಗಳೂರು – 1909
• ಕನ್ನಡ ಸಾಹಿತ್ಯ ಪರಿಷತ್ತು – 1915ರ ಮೇ 5. ಮೊದಲ ಅಧ್ಯಕ್ಷ ಎಚ್.ವಿ. ನಂಜುಂಡಯ್ಯ
• ಕನ್ನಡ ಸಂಶೋಧನ ಸಂಸ್ಥೆ, ಧಾರವಾಡ – 1939, ನಿರ್ದೇಶಕ ಆರ್.ಎಸ್. ಪಂಚಮುಖಿ
• ಕನ್ನಡ ಅಧ್ಯಯನ ಸಂಸ್ಥೆ, ಮೈಸೂರು ವಿಶ್ವವಿದ್ಯಾನಿಲಯ – 1966. ಪರಿಷ್ಕೃತ ಎಪಿಗ್ರಾಫಿಯಾ ಕರ್ನಾಟಿಕಾ
• ಗೋವಿಂದ ಪೈ ಸಂಶೋಧನ ಕೇಂದ್ರ, ಉಡುಪಿ – 6 ಸಂಪುಟಗಳ ತುಳು ನಿಘಂಟು
• ಕನ್ನಡ ವಿಶ್ವವಿದ್ಯಾಲಯ, ಹಂಪಿ – 1991
• ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ – 2003
• ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ – 2008

10. ಗೊಂದಲ ಬೇಡ

• 'ಬಿಬ್ಲಿಯೊಥಿಕಾ ಕರ್ನಾಟಿಕಾ' ಎರಡು: ಮೋಗ್ಲಿಂಗ್ ಅವರದು ಮೊದಲು, ರೈಸ್ ಅವರದು ಆಮೇಲೆ. 'ಕವಿರಾಜಮಾರ್ಗ' ಬಂದದ್ದು ರೈಸ್ ಮಾಲೆಯಲ್ಲಿ.

• ನರಸಿಂಹಾಚಾರ್ ಮೂವರು: ಕವಿಚರಿತೆಯವರು ಆರ್.; ಅದರ ಮೊದಲ ಸಂಪುಟಕ್ಕೆ ಜೊತೆಯಾದವರು ಎಸ್.ಜಿ.; 'ವಡ್ಡಾರಾಧನೆ' ಸಂಪಾದಕರು ಡಿ.ಎಲ್.

• ತಾಳಗುಂದದಲ್ಲಿ ಶಾಸನ ಎರಡು: ಸ್ತಂಭಶಾಸನ ಸಂಸ್ಕೃತ, ಸಿಂಹಕಟಾಂಜನ ಶಾಸನ ಕನ್ನಡದ ಪ್ರಾಚೀನತೆಗೆ ಸಂಬಂಧಿಸಿದ್ದು.

• ಅಶೋಕನ ಹೆಸರಿರುವುದು ಮಸ್ಕಿಯಲ್ಲಿ, ಬ್ರಹ್ಮಗಿರಿಯಲ್ಲಿ ಇಲ್ಲ.

• ಕಿಟೆಲ್ ನಿಘಂಟು ಕನ್ನಡ–ಇಂಗ್ಲಿಷ್. ಪರಿಷತ್ತಿನ 8 ಸಂಪುಟಗಳ ನಿಘಂಟು ಕನ್ನಡ–ಕನ್ನಡ.

11. ವಿವರಣಾತ್ಮಕ ಉತ್ತರಕ್ಕೆ

• ಸಂಶೋಧಕರ ಬಗ್ಗೆ ಕೇಳಿದರೆ ಈ ಕ್ರಮ ಅನುಸರಿಸಿ: ಕ್ಷೇತ್ರ, ಬಳಸಿದ ಆಕರ, ಮುಖ್ಯ ಕೃತಿ ಮತ್ತು ಇಸವಿ, ಅದರಿಂದ ಬದಲಾದ ತಿಳಿವಳಿಕೆ, ಒಂದು ಮಿತಿ.

• ಮಿತಿಗೆ ಉದಾಹರಣೆ: ರೈಸ್ ಕೆಲಸ ಮೈಸೂರು ಸಂಸ್ಥಾನ ಮತ್ತು ಕೊಡಗಿನ ಗಡಿಗೆ ಸೀಮಿತ, ಮೆಕೆಂಝಿ ಸಂಗ್ರಹ ಆಡಳಿತದ ಅಗತ್ಯದಿಂದ ಹುಟ್ಟಿದ್ದು, ದಾನಶಾಸನಗಳಲ್ಲಿ ಕೊಟ್ಟವರ ದನಿ ಹೆಚ್ಚು, ಉತ್ತವರ ದನಿ ಕಡಿಮೆ.

• ಕರ್ತೃತ್ವ, ಕಾಲನಿರ್ಣಯದಂಥ ವಿವಾದದ ಪ್ರಶ್ನೆಗೆ ಎರಡೂ ಪಕ್ಷದ ಆಧಾರ ಕೊಟ್ಟು, ಬಳಿಕ ನಿಮ್ಮ ಒಲವು ಯಾವ ಕಡೆ, ಏಕೆ ಎಂದು ಒಂದು ವಾಕ್ಯದಲ್ಲಿ ಬರೆಯಿರಿ. ಆಧಾರವಿಲ್ಲದ ಒಲವಿಗೆ ಅಂಕ ಸಿಗದು.